ಪಾಲಿಸಿ ಬಾಂಡು ಟ್ರಂಕಿನಲ್ಲಿದ್ದರೆ ಸಾಲದು

ಮಂಡ್ಯದ ವಿ.ಸಿ. ಫಾರಂ ಸುತ್ತಮುತ್ತ, ಅತ್ತ ಮದ್ದೂರು, ಇತ್ತ ಮಳವಳ್ಳಿಯವರೆಗೆ ಜೀವವಿಮೆ ಮಾಡಿಸುವುದು ನನ್ನ ಕಸುಬು. ನಮ್ಮ ಕಡೆ ಗದ್ದೆ ಪಾಲಾಗುವಾಗ ಹಿರಿಯರೆಲ್ಲ ಕೂರುತ್ತಾರೆ. ಬದುವಿನ ಮೇಲಿನ ತೆಂಗಿನಮರ ಯಾರಿಗೆಂದು ಅರ್ಧ ದಿನ ವಾದ ನಡೆಯುತ್ತದೆ. ಅದೇ ಮನೆಯಲ್ಲಿ ಹತ್ತು ಲಕ್ಷದ ಪಾಲಿಸಿಗೆ ನಾಮಿನಿ ಯಾರೆಂದು ಕೇಳಿದರೆ, 'ಏಜೆಂಟ್ರು ಬರ್ಕೊಂಡವ್ರೆ ಬುಡಿ' ಅನ್ನುತ್ತಾರೆ. ಸಾವಾದ ಮನೆಗಳಲ್ಲಿ ಕ್ಲೇಮ್ ಫಾರಂ ತುಂಬಿಸುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮದುವೆಯಾದ ಮೇಲೆ ನಾಮಿನಿಯನ್ನು ಮತ್ತೊಮ್ಮೆ ನೋಡಿ. ಕೆಲಸ ಸಿಕ್ಕ ಹೊಸತರಲ್ಲಿ ಹುಡುಗ ಪಾಲಿಸಿ ಮಾಡಿಸುತ್ತಾನೆ, ಅವ್ವನ ಹೆಸರು ಬರೆಸುತ್ತಾನೆ. ಮದುವೆಯಾಗುತ್ತದೆ, ಮಗುವಾಗುತ್ತದೆ, ಬಾಂಡು ಮಾತ್ರ ಹಾಗೇ ಇರುತ್ತದೆ. ಅವನು ತೀರಿಹೋದರೆ ಅತ್ತೆ ಸೊಸೆ ನಡುವೆ ಕಚೇರಿ ಮೆಟ್ಟಿಲು. ಇಂಥದ್ದೇ ಪ್ರಕರಣ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ 2025ರಲ್ಲಿ ತೀರ್ಪಾಯಿತು: ನಾಮಿನಿ ತಾಯಿಯೇ ಆಗಿದ್ದರೂ ವಾರಸುದಾರರು ಹಕ್ಕು ಕೇಳಿದರೆ ಹಣ ಉತ್ತರಾಧಿಕಾರ ಕಾನೂನಿನಂತೆ ಹಂಚಿಕೆಯಾಗಬೇಕು. ತಾಯಿ, ಹೆಂಡತಿ, ಮಗ ಮೂವರಿಗೂ ಮೂರರಲ್ಲೊಂದು ಪಾಲು ಬಂತು. ವಿಮಾ ಕಾಯ್ದೆಯ 2015ರ ತಿದ್ದುಪಡಿಯಲ್ಲಿ ತಂದೆ-ತಾಯಿ, ಗಂಡ-ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣದ ಲಾಭವೂ ಅವರಿಗೇ ಎಂದು ಬರೆದಿರುವುದರಿಂದ, ಹೆಸರಿದ್ದವರೇ ಒಡೆಯರು ಎಂದು ನಮ್ಮ ಏಜೆಂಟರಲ್ಲೂ ಅನೇಕರು ನಂಬಿದ್ದರು. ಬೇರೆ ಕೆಲವು ಹೈಕೋರ್ಟುಗಳ ಅಭಿಪ್ರಾಯವೂ ಬೇರೆ ಇದೆ. ನಮ್ಮ ರಾಜ್ಯದಲ್ಲಿರುವವರು ಈ ತೀರ್ಪನ್ನೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಇನ್ನೊಂದು ಮಾತು. ಹಿಂದೂ ಗಂಡಸು ಉಯಿಲು ಬರೆಯದೆ ಸತ್ತರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರೂ ಸಮಪಾಲಿಗೆ ಬರುತ್ತಾರೆ. ತಂದೆ ಈ ಮೊದಲ ಸಾಲಿನಲ್ಲಿಲ್ಲ. ಮದುವೆ ಮಾಡಿಕೊಟ್ಟ ಮಗಳಿಗೂ ಪಾಲಿದೆ ಎಂದಾಗ ಮುಖ ಗಂಟಿಕ್ಕುವ ಗೌಡರು ಈಗಲೂ ಇದ್ದಾರೆ. ಪಾಲು ಹೆಚ್ಚುಕಡಿಮೆ ಮಾಡಬೇಕಾದರೆ ನಾಮಿನಿ ಫಾರಂ ನಂಬಬೇಡಿ, ಉಯಿಲು ಬರೆಯಿರಿ. ಇಬ್ಬರು ಸಾಕ್ಷಿ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು.

2. ಸಾಲ ಕೊಟ್ಟವರಿಗೆ ಕಾನೂನಿನ ಬೇಲಿ ಇದೆ. ಕಬ್ಬಿನ ಬಾಕಿ ಬರುವುದು ಯಾವಾಗಲೋ, ಅಲ್ಲಿಯವರೆಗೆ ಕೈಸಾಲ. ಯಜಮಾನ ಸತ್ತ ವಾರದಲ್ಲೇ ಸಾಲ ಕೊಟ್ಟವರ ಕಣ್ಣು ವಿಮೆ ಹಣದ ಮೇಲೆ ಬೀಳುತ್ತದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಪಾಲಿಸಿ ಮಾಡಿಸಿದರೆ ಆ ಹಣ ಹೆಂಡತಿ ಮಕ್ಕಳ ಹೆಸರಿನ ಟ್ರಸ್ಟ್ ಆಗುತ್ತದೆ. ಸಾಲ ಕೊಟ್ಟವರನ್ನು ವಂಚಿಸಲೆಂದೇ ಮಾಡಿದ್ದು ಎಂದು ರುಜುವಾತಾಗದಿದ್ದರೆ ಅವರು ಅದನ್ನು ಮುಟ್ಟುವಂತಿಲ್ಲ, ಅಣ್ಣತಮ್ಮಂದಿರೂ ಪಾಲು ಕೇಳುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಇದನ್ನು ಬರೆಸಬೇಕು. ಆಮೇಲೆ ಮನಸ್ಸು ಬದಲಾದರೂ ಹೆಸರು ಬದಲಿಸಲಾಗದು. ಇದನ್ನು ಹೇಳುವ ಏಜೆಂಟರು ಕಡಿಮೆ.

3. ಮಗು ನಾಮಿನಿಯಾದರೆ, 18 ತುಂಬುವವರೆಗೆ ಹಣ ಪಡೆಯಲು ದೊಡ್ಡವರೊಬ್ಬರ ಹೆಸರು ಬರೆಸಲೇಬೇಕು. ಆ ಕಾಲಂ ಖಾಲಿ ಬಿಡಬೇಡಿ.

4. ಪೋಸ್ಟ್‌ಮಾರ್ಟಂ ತಪ್ಪಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಅಂಥ ದುರಂತದಲ್ಲಿ ಪೊಲೀಸರೇ ಬಂದು ಮಹಜರು ಮಾಡುತ್ತಾರೆ. ಆದರೆ ರಾತ್ರಿ ಮೋಟಾರು ಹಾಕಲು ಹೋಗಿ ಕರೆಂಟು ಹೊಡೆದವನು, ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡವನು ಸತ್ತಾಗ, 'ಹೆಣ ಯಾಕೆ ಕುಯ್ಯಿಸ್ತೀರಿ' ಎಂದು ಊರವರೇ ತಡೆದು ಸಂಜೆಯೊಳಗೆ ಮಣ್ಣು ಮಾಡಿಬಿಡುತ್ತಾರೆ. ಎಫ್‌ಐಆರ್ ಇಲ್ಲ, ವೈದ್ಯರ ವರದಿ ಇಲ್ಲ; ಅಪಘಾತದ ಹೆಚ್ಚುವರಿ ಹಣ ಅಲ್ಲಿಗೆ ಮುಗಿಯಿತು. ಹಾವು ಕಡಿತದಂಥ ಸಾವಿಗೆ ಆಸ್ಪತ್ರೆಯ ದಾಖಲೆಯಾದರೂ ಬೇಕೇಬೇಕು. ಉಸಿರು ನಿಂತಂತೆ ಕಂಡರೂ ಆಸ್ಪತ್ರೆಗೆ ಒಯ್ಯಿರಿ.

5. ತೀರಿಹೋದವರ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಮೇ ಕೊನೆಯಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ, ಯಾವ ಕಾರಣದ ಸಾವಿಗೂ 2 ಲಕ್ಷ. 20 ರೂಪಾಯಿ ಹೋಗಿದ್ದರೆ ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. ಖಾತೆ ತೆರೆಯುವಾಗ ಹೆಬ್ಬೆಟ್ಟು ಒತ್ತಿದ್ದು ಸತ್ತವರಿಗೇ ನೆನಪಿರುವುದಿಲ್ಲ, ಮನೆಯವರಿಗೆ ಗೊತ್ತಾಗುವುದೆಲ್ಲಿ? ಮನೆಯವರು ಕೇಳದಿದ್ದರೆ ಬ್ಯಾಂಕು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಎರಡು ಬ್ಯಾಂಕಿನಲ್ಲಿ ಕಡಿತವಾಗಿದ್ದರೂ ಜೀವನಜ್ಯೋತಿ ಸಿಗುವುದು ಒಂದೇ.

6. ಆತ್ಮಹತ್ಯೆಯಾದರೆ ವಿಮೆ ಬರದು ಎಂದುಕೊಂಡು ಸುಮ್ಮನಾದ ರೈತರ ಮನೆಗಳನ್ನು ಕಂಡಿದ್ದೇನೆ. ಸಾಮಾನ್ಯ ಜೀವವಿಮೆಯಲ್ಲಿ ಆ ನಿರ್ಬಂಧ ಮೊದಲ 12 ತಿಂಗಳಿಗೆ ಮಾತ್ರ. ಆಮೇಲೆ ಪೂರ್ತಿ ಹಣ ಕೊಡಬೇಕು.

7. ಹೆಸರು ಒಂದೇ ಇರಲಿ. ಬಾಂಡಿನಲ್ಲಿ ಕರೆಯುವ ಹೆಸರು, ಆಧಾರ್ ಕಾರ್ಡಿನಲ್ಲಿ ಶಾಲೆಯ ಹೆಸರು, ಪಹಣಿಯಲ್ಲಿ ಮತ್ತೊಂದು. ಬದುಕಿದ್ದಾಗ ಒಂದು ಅರ್ಜಿಯಲ್ಲಿ ಮುಗಿಯುವುದು, ಸತ್ತ ಮೇಲೆ ಅಫಿಡವಿಟ್ಟು, ನಾಡಕಚೇರಿಯ ವಂಶವೃಕ್ಷ, ತಕರಾರಿದ್ದರೆ ಸಿವಿಲ್ ಕೋರ್ಟಿನ ಉತ್ತರಾಧಿಕಾರ ಪತ್ರದವರೆಗೂ ಎಳೆಯುತ್ತದೆ. ಮರಣ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ.

8. ಶುಗರ್, ಬಿಪಿ ಮುಚ್ಚಿಡಬೇಡಿ. ಪಾಲಿಸಿಗೆ ಮೂರು ವರ್ಷ ತುಂಬುವ ಮೊದಲು ಸಾವಾದರೆ ಕಂಪನಿ ಆಸ್ಪತ್ರೆ ಚೀಟಿಗಳನ್ನೆಲ್ಲ ಕೆದಕುತ್ತದೆ. ಮೂರು ವರ್ಷ ದಾಟಿದರೆ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ.

9. 'ಮಾಡಿಸಿಕೊಡ್ತೀನಿ' ಎಂದು ಕಮಿಷನ್ ಕೇಳುವವರನ್ನು ಹೊಸಿಲಾಚೆಯೇ ನಿಲ್ಲಿಸಿ. ತನಿಖೆ ಬೇಡದ ಮರಣ ಕ್ಲೇಮನ್ನು 15 ದಿನದಲ್ಲಿ, ತನಿಖೆಯದನ್ನು 45 ದಿನದಲ್ಲಿ ಕಂಪನಿ ಇತ್ಯರ್ಥ ಮಾಡಬೇಕು; ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಅಲ್ಲಿ ನ್ಯಾಯ ಸಿಗದಿದ್ದರೆ ವರ್ಷದೊಳಗೆ ಬೆಂಗಳೂರು ಜೆ.ಪಿ. ನಗರದ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. 50 ಲಕ್ಷದವರೆಗಿನ ತಕರಾರು ಅಲ್ಲಿ ತೀರ್ಮಾನವಾಗುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.