ಒಂದು ಹಾಡಿನ ಹುಟ್ಟು

ಹೊಲದಲ್ಲಿಯೂ ಬೀಸುವ ಕಲ್ಲಿನ ಬಳಿಯಲ್ಲಿಯೂ ಕೇಳಿಬರುವ ಹಾಡುಗಳನ್ನು ಕಟ್ಟಿದವರು ಯಾರೆಂದು ನಾವು ಸಾಮಾನ್ಯವಾಗಿ ವಿಚಾರಿಸುವದಿಲ್ಲ. ಆದರೆ ಹಾಡು ಪ್ರಸಿದ್ಧವಾದಷ್ಟೂ ಅದರ ಹುಟ್ಟನ್ನು ಕುರಿತು ಕಥೆಗಳು ಬೆಳೆಯುತ್ತವೆ. ಅವುಗಳಲ್ಲಿ ನಡೆದದ್ದು ಯಾವದು, ಕೂಡಿಸಿದ್ದು ಯಾವದು ಎಂದು ಶೋಧಿಸುವದು ಪ್ರಯೋಜನಕರವು. ಇದಕ್ಕೆ ದೃಷ್ಟಾಂತವಾಗಿ, ಆಶ್ಚರ್ಯಕರವಾದ ಕೃಪೆ ಎಂಬರ್ಥವುಳ್ಳ 'ಅಮೇಜಿಂಗ್ ಗ್ರೇಸ್' ಎಂಬ ಇಂಗ್ಲಿಷ್ ಹಾಡನ್ನು ತೆಗೆದುಕೊಳ್ಳುವೆವು.

ಇದನ್ನು ಬರೆದವನು ಜಾನ್ ನ್ಯೂಟನ್. ಜನರು ಹೇಳುವ ಕಥೆ ಏನೆಂದರೆ: ಅವನು ಆಫ್ರಿಕದವರನ್ನು ಗುಲಾಮರನ್ನಾಗಿ ಸಾಗಿಸುವ ಹಡಗಿನ ಯಜಮಾನನಾಗಿದ್ದನು, ಬಿರುಗಾಳಿ ಎದ್ದಾಗ ದೇವರಿಗೆ ಮೊರೆಯಿಟ್ಟನು, ಕೂಡಲೇ ಆ ವ್ಯಾಪಾರವನ್ನು ತ್ಯಜಿಸಿ ಈ ಹಾಡನ್ನು ಬರೆದನು. ಕೇಳುವದಕ್ಕೆ ಇಂಪಾದ ಕಥೆಯೇ ಸರಿ. ಆದರೆ ಸಂಗತಿಯು ಹಾಗೆ ನಡೆಯಲಿಲ್ಲ.

ನ್ಯೂಟನ್ 1725ರಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿ, ಏಳು ವರುಷ ತುಂಬುವದಕ್ಕೆ ಮೊದಲೇ ತಾಯಿಯನ್ನು ಕಳಕೊಂಡನು. 1748ರ ಮಾರ್ಚ್ ತಿಂಗಳಲ್ಲಿ ಅವನು ಬಿರುಗಾಳಿಗೆ ಸಿಕ್ಕಿದ್ದು ನಿಜವೇ. ಆದರೆ ಆ ಹಡಗು ಗುಲಾಮರದಲ್ಲ. ದಂತ, ಜೇನುಮೇಣ ಮೊದಲಾದ ಸರಕಿನದು. ಅಲ್ಲಿ ಅವನು ದೇವರ ಕರುಣೆಯನ್ನು ಬೇಡಿ, ಆ ದಿನವನ್ನು ಬದುಕಿರುವ ತನಕ ಸ್ಮರಿಸಿದನು. ಆದರೂ ಅದಾದ ಮೇಲೆಯೇ, 1750ರಿಂದ 1754ರ ವರೆಗೆ, ಗುಲಾಮರ ಹಡಗುಗಳ ಯಜಮಾನನಾಗಿ ಮೂರು ಪ್ರಯಾಣಗಳನ್ನು ಮಾಡಿದನು. ಮೇಲೆ ಅವನು ಪ್ರಾರ್ಥಿಸುತ್ತಿದ್ದಾಗ ಕೆಳಗೆ ಮನುಷ್ಯರು ಸಂಕೋಲೆಗಳಲ್ಲಿ ಬಿದ್ದಿದ್ದರು! ಕಡೆಗೆ ಅವನ ಸಮುದ್ರಯಾನವನ್ನು ನಿಲ್ಲಿಸಿದ್ದು ರೋಗವೇ.

ಬಳಿಕ ಅವನು ಲಿವರ್‌ಪೂಲ್ ಪಟ್ಟಣದಲ್ಲಿ ಸುಂಕದ ಅಧಿಕಾರಿಯಾಗಿದ್ದು, 1764ರಲ್ಲಿ ಓಲ್ನಿ ಎಂಬ ಊರಿಗೆ ಬೋಧಕನಾಗಿ ಬಂದನು. ಅಲ್ಲಿಯವರಲ್ಲಿ ಅನೇಕರು ಲೇಸ್ ಹೆಣೆದು ಜೀವಿಸುವ ಬಡವರು. ಅವರಿಗೋಸ್ಕರ ಸುಲಭವಾದ ಮಾತುಗಳಲ್ಲಿ ಹಾಡುಗಳನ್ನು ಬರೆಯುತ್ತಿದ್ದನು. 1773ರ ಜನವರಿ 1ರಂದು ಪೂರ್ವಕಾಲವೃತ್ತಾಂತದ ಮೊದಲನೆಯ ಭಾಗದ 17ನೇ ಅಧ್ಯಾಯದಲ್ಲಿ ದಾವೀದನು ದೇವರ ಉಪಕಾರಕ್ಕೆ ಬೆರಗಾದದ್ದನ್ನು ಕುರಿತು ಪ್ರಸಂಗಿಸಿದನು. ಈ ಹಾಡು ಆ ಪ್ರಸಂಗಕ್ಕೆ ಸೇರಿದ್ದು. ಅಷ್ಟರಲ್ಲಿ ಬಿರುಗಾಳಿಯು ಕಳೆದು ಸುಮಾರು 25 ವರುಷಗಳಾಗಿದ್ದವು. ಹಾಡು 1779ರಲ್ಲಿ ಅಚ್ಚಾಯಿತು.

ಈಗ ಎಲ್ಲರೂ ಹಾಡುವ ರಾಗವು ನ್ಯೂಟನನದಲ್ಲ. 1835ರಲ್ಲಿ ಅಮೇರಿಕದ ವಿಲಿಯಂ ವಾಕರ್ ಎಂಬವನು ತನ್ನ ಸಂಗೀತಪುಸ್ತಕದಲ್ಲಿ ಈ ಮಾತುಗಳನ್ನು ಆ ರಾಗಕ್ಕೆ ಜೋಡಿಸಿದನು. ಅನೇಕ ಪುಸ್ತಕಗಳಲ್ಲಿರುವ ಕಡೇ ಚರಣವೂ ಅವನದಲ್ಲ. 1852ರಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋ ಎಂಬಾಕೆಯು ಪ್ರಕಟಿಸಿದ 'ಅಂಕಲ್ ಟಾಮ್ಸ್ ಕ್ಯಾಬಿನ್' ಎಂಬ ಕಥೆಯಲ್ಲಿ ಟಾಮ್ ಎಂಬ ಗುಲಾಮನು ಅದನ್ನು ಈ ಹಾಡಿನೊಂದಿಗೆ ಹಾಡುತ್ತಾನೆ. ಗುಲಾಮರನ್ನು ಮಾರಿದವನ ಹಾಡು ಗುಲಾಮನ ಬಾಯಿಗೆ ಬಂದದ್ದನ್ನು ನೋಡಿರಿ.

ನ್ಯೂಟನನು 1788ರಲ್ಲಿ ಮಾತ್ರವೇ, ಅಂದರೆ ಹಡಗನ್ನು ಬಿಟ್ಟ 34 ವರುಷಗಳ ಮೇಲೆ, ಆ ವ್ಯಾಪಾರದ ಕ್ರೂರತ್ವವನ್ನು ಬಯಲಿಗೆ ತರುವ ಚಿಕ್ಕ ಪುಸ್ತಕವನ್ನು ಪ್ರಕಟಿಸಿ, ತಾನು ಅದರಲ್ಲಿ ಪಾಲುಗಾರನಾಗಿದ್ದೆನೆಂದೂ, ತನ್ನ ಅರಿಕೆಯು ತಡವಾಯಿತೆಂದೂ ಒಪ್ಪಿಕೊಂಡನು. 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿತು. ಅದೇ ವರುಷದ ಡಿಸೆಂಬರಿನಲ್ಲಿ ಅವನು ತೀರಿಹೋದನು.

ಪ್ರಿಯ ವಾಚಕರೇ, ಬಿರುಗಾಳಿಯ ಕಥೆಗಿಂತ ಈ ಸತ್ಯವೇ ನಮ್ಮನ್ನು ಹೆಚ್ಚಾಗಿ ಎಚ್ಚರಿಸುತ್ತದೆ. ಮೊರೆಯಿಡುವದಕ್ಕೆ ಒಂದು ರಾತ್ರಿ ಸಾಕು. ತನ್ನ ಕಾಲ ಕೆಳಗೆ ನರಳುವವನನ್ನು ಕಾಣುವದಕ್ಕೆ ಅವನಿಗೆ ಅನೇಕ ವರುಷಗಳು ಬೇಕಾದವು. ನಾವಾದರೋ ಅಷ್ಟು ಕಾಲ ತಡಮಾಡಬಾರದು.

ಮನೆಯಲ್ಲಿ ಕೂತು ವಿಚಾರಿಸತಕ್ಕ ಪ್ರಶ್ನೆಗಳು:

1. ಸಾಕ್ಷಿ ಹೇಳುವಾಗ ಇಂಪಿಗಾಗಿ ನಾವು ಏನನ್ನಾದರೂ ಕೂಡಿಸುತ್ತೇವೋ?

2. ನಾವು ಹಾಡುತ್ತಿರುವಾಗ ನಮ್ಮಿಂದ ಕೂಲಿ ಸಲ್ಲದೆ ನರಳುವವರು ಯಾರಾದರೂ ಇದ್ದಾರೋ?