ಊರಿನ ಕರೆ ನಡುವೆ ಕಡಿದುಹೋಗುತ್ತದೆಯೇ? ಮನೆಯ ಇಂಟರ್ನೆಟ್ ಪರೀಕ್ಷಿಸುವ ಬಗೆ



ಬೇಸಿಗೆಯಲ್ಲಿ ಸ್ಯಾನ್ ರಮೋನ್‌ನ ಶನಿವಾರ ರಾತ್ರಿ ಎಂಟೂವರೆ ಎಂದರೆ ಕರ್ನಾಟಕದಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತು. ಅಪ್ಪ ಅಮ್ಮ ತಿಂಡಿ ಮುಗಿಸಿ ಮೊಮ್ಮಕ್ಕಳ ಮುಖ ನೋಡಲು ಕಾದಿರುವ ಹೊತ್ತು. ಇಲ್ಲಿ ಬೀದಿಯ ಮನೆಮನೆಯಲ್ಲೂ ಸಿನಿಮಾ ಓಡುವ ಹೊತ್ತೂ ಅದೇ. ಚಿತ್ರ ನಿಂತು, ಮಾತು ತುಂಡಾಗಿ, ಮೂರು ಸಲ ಕರೆ ಕಡಿದ ಮೇಲೆ ಅವರೇ "ಇರಲಿ ಬಿಡಪ್ಪ, ಮುಂದಿನ ವಾರ ಮಾತಾಡೋಣ" ಎಂದು ಸುಮ್ಮನಾಗುತ್ತಾರೆ. ಆಗ ನಾವು ಹೊಸ ರೌಟರ್ ತರುತ್ತೇವೆ, ಇಲ್ಲವೇ ದುಬಾರಿ ಪ್ಲಾನ್‌ಗೆ ಬದಲಾಗುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ! ಮೊದಲು ಜ್ವರ ಯಾರಿಗೆ ಎಂದು ತಿಳಿಯೋಣ.

ದಾರಿಯನ್ನು ಮೂರು ತುಂಡು ಮಾಡಿಕೊಳ್ಳಿ: ಲ್ಯಾಪ್‌ಟಾಪ್‌ನಿಂದ ರೌಟರ್, ರೌಟರ್‌ನಿಂದ ಕಂಪನಿಯ ಜಾಲ, ಅಲ್ಲಿಂದ ಊರು.

ಪರೀಕ್ಷೆ ಹೀಗೆ: ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು "ಐಪಿಕಾನ್ಫಿಗ್" ಆಜ್ಞೆ ಕೊಡಿ. "ಡೀಫಾಲ್ಟ್ ಗೇಟ್‌ವೇ" ಎಂಬ ಸಾಲಿನಲ್ಲಿರುವುದೇ ನಿಮ್ಮ ರೌಟರ್‌ನ ವಿಳಾಸ, ಸಾಮಾನ್ಯವಾಗಿ 192.168.1.1 ಅಥವಾ 10.0.0.1. ಒಂದು ಕಿಟಕಿಯಲ್ಲಿ ಅದಕ್ಕೆ, ಇನ್ನೊಂದರಲ್ಲಿ ಗೂಗಲ್‌ನ 8.8.8.8ಕ್ಕೆ "ಪಿಂಗ್" ಹಾಕಿ. ಕೊನೆಗೆ ಅಡ್ಡಗೆರೆ ಮತ್ತು "ಟಿ" ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವ ತನಕ ಓಡುತ್ತದೆ. ಎರಡನ್ನೂ ಒಂದು ಗಂಟೆ ಬಿಟ್ಟು ನೋಡಿ.

1. ಮೊದಲ ಕಿಟಕಿಯೇ ತಡವರಿಸಿದರೆ: ದೋಷ ಮನೆಯೊಳಗಿನ ವೈಫೈನದು. ಲ್ಯಾಪ್‌ಟಾಪನ್ನು ತಂತಿಯಿಂದ ರೌಟರ್‌ಗೆ ಜೋಡಿಸಿ. ಸರಿಹೋದರೆ ಅನುಮಾನ ಬೇಡ. ಗ್ಯಾರೇಜ್‌ನಲ್ಲೋ ಟಿ.ವಿ. ಹಿಂದೆಯೋ ಅಡಗಿಸಿಟ್ಟ ರೌಟರನ್ನು ಮನೆಯ ನಡುವಿಗೆ, ಎತ್ತರಕ್ಕೆ ತನ್ನಿ. ಇಲ್ಲಿನ ಸ್ಟಕ್ಕೋ ಗೋಡೆಗಳೊಳಗೆ ಸಾಮಾನ್ಯವಾಗಿ ಲೋಹದ ಬಲೆ ಇರುತ್ತದೆ. ಹಿತ್ತಲಿಗೆ ಸಿಗ್ನಲ್ ಬಾರದಿರಲು ಅದೂ ಕಾರಣ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಅಕ್ಕಪಕ್ಕದ ಮನೆಗಳೂ ಅವನ್ನೇ ಹಂಚಿಕೊಳ್ಳುತ್ತವೆ. ಮೈಕ್ರೋವೇವ್ ಒಲೆಯೂ ಅದೇ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ. ಹತ್ತಿರದ ಕೋಣೆಯಲ್ಲಿ 5 ಗಿಗಾಹರ್ಟ್ಸ್ ವಾಸಿ.

2. ಮೊದಲನೆಯದು ಸರಿಯಿದ್ದು ಎರಡನೆಯದು ಕಡಿದರೆ: ದೋಷ ಹೊರಗಿನ ತಂತಿಯಲ್ಲಿ ಅಥವಾ ಮೋಡೆಮ್‌ನಲ್ಲಿ. ಕೇಬಲ್ ಇಂಟರ್ನೆಟ್ ಆದರೆ ಗೋಡೆಯಲ್ಲಿರುವ ಸ್ಪ್ಲಿಟರ್ ಹುಡುಕಿ. ಇಬ್ಭಾಗಿಸುವ ಒಂದೊಂದು ಸ್ಪ್ಲಿಟರ್ ಸಿಗ್ನಲ್ಲನ್ನು ಸುಮಾರು 3.5 ಡೆಸಿಬೆಲ್, ಅಂದರೆ ಅರ್ಧಕ್ಕಿಂತ ಕೆಳಗೆ, ಇಳಿಸುತ್ತದೆ. ಬಳಸದ ಕೋಣೆಗಳಿಗೆ ಹೋದದ್ದನ್ನು ತೆಗೆಯಿರಿ, ತಿರುಪುಗಳನ್ನು ಬಿಗಿಮಾಡಿ. ಅನೇಕ ಮೋಡೆಮ್‌ಗಳು 192.168.100.1 ವಿಳಾಸದಲ್ಲಿ ತಮ್ಮ ಸಿಗ್ನಲ್ ಮಟ್ಟ ತೋರಿಸುತ್ತವೆ. ಅಲ್ಲಿ "ಟಿ3 ಟೈಮ್‌ಔಟ್" ಎಂಬ ಸಾಲು ಮತ್ತೆ ಮತ್ತೆ ಕಂಡರೆ ಆ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ರಾತ್ರಿ ಮಾತ್ರ ನಿಧಾನವಾದರೆ, ಕೇಬಲ್ ಸಾಮರ್ಥ್ಯವನ್ನು ಅಕ್ಕಪಕ್ಕದ ಮನೆಗಳೆಲ್ಲ ಹಂಚಿಕೊಳ್ಳುವುದರ ಫಲವಿರಬಹುದು.

3. ಕಡಿಯುವುದಿಲ್ಲ, ಆದರೆ 20 ಮಿಲಿಸೆಕೆಂಡ್ ಇದ್ದದ್ದು ಒಮ್ಮೆಗೇ 500 ಆಗುತ್ತದೆಯೇ? ಯಾರದೋ ಫೋನು ಹುಟ್ಟುಹಬ್ಬದ ಫೋಟೋಗಳನ್ನೆಲ್ಲ ಮೇಲಕ್ಕೆ ಕಳಿಸುತ್ತಿರಬಹುದು. ಅಪ್‌ಲೋಡ್ ದಾರಿ ಕಿರಿದು. ಅದು ತುಂಬಿದರೆ ನಿಮ್ಮ ಮಾತು ಸರತಿಯಲ್ಲಿ ನಿಲ್ಲುತ್ತದೆ. ಕರೆ ಮುಗಿಯುವ ತನಕ ಬ್ಯಾಕಪ್ ನಿಲ್ಲಿಸಿದರೆ ಸಾಕು.

4. ಎರಡೂ ಸರಿ, ಆದರೆ ತಾಣಗಳು ತೆರೆಯುವುದಿಲ್ಲ: ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಕೈಕೊಟ್ಟಿರಬಹುದು. ರೌಟರ್‌ನಲ್ಲಿ ಡಿಎನ್‌ಎಸ್ ವಿಳಾಸ 8.8.8.8 ಎಂದು ಬದಲಿಸಿ ನೋಡಿ.

5. ಎಲ್ಲವೂ ಸರಿ, ಊರಿನ ಕರೆ ಮಾತ್ರ ಕಡಿಯುತ್ತದೆ: ತೊಂದರೆ ಆ ಕಡೆಯಲ್ಲಿರಬಹುದು. ಅವರ ಫೋನನ್ನು ರೌಟರ್ ಹತ್ತಿರ ಒಯ್ಯಲು ಹೇಳಿ. ಸಮುದ್ರದ ತಳದಲ್ಲೂ ಇರಬಹುದು: 2008ರ ಜನವರಿ ಕೊನೆಯಲ್ಲಿ ಈಜಿಪ್ಟ್ ಬಳಿ ಎರಡು ಕೇಬಲ್ ತುಂಡಾಗಿ ಭಾರತದ ಇಂಟರ್ನೆಟ್ ಕುಂಟಿತ್ತು.

ಒಂದು ವಿಳಂಬಕ್ಕೆ ಮದ್ದಿಲ್ಲ. ಇಲ್ಲಿಂದ ಬೆಂಗಳೂರು ಸುಮಾರು 14,000 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಹೋಗಿ ಬರಲು ಕನಿಷ್ಠ 140 ಮಿಲಿಸೆಕೆಂಡ್ ಬೇಕು. ಕೇಬಲ್‌ಗಳು ನೇರವಾಗಿಲ್ಲದ್ದರಿಂದ 200 ದಾಟುವುದು ಸಹಜ. ಎಷ್ಟು ದುಡ್ಡು ಕೊಟ್ಟರೂ ಇದು ತಗ್ಗದು. ಹಿರಿಯರ ಮಾತು ಮುಗಿದ ಮೇಲೆ ಅರೆಕ್ಷಣ ತಡೆದು ಮಾತಾಡುವುದನ್ನು ಮಕ್ಕಳಿಗೆ ಕಲಿಸಿ. ಒಬ್ಬರ ಮೇಲೊಬ್ಬರು ಮಾತಾಡುವುದು ತಗ್ಗುತ್ತದೆ.

ಕಂಪನಿಗೆ ಫೋನ್ ಮಾಡುವ ಮುಂಚೆ ಮೂರು ದಿನದ ಪಟ್ಟಿ ಬರೆದಿಡಿ: ದಿನಾಂಕ, ಗಂಟೆ, ಯಾವ ಕಿಟಕಿ ಕಡಿಯಿತು, ತಂತಿಯೋ ವೈಫೈಯೋ. "ಇಂಟರ್ನೆಟ್ ಸರಿಯಿಲ್ಲ" ಎಂದರೆ "ಮೋಡೆಮ್ ಆರಿಸಿ ಹಚ್ಚಿ" ಎನ್ನುತ್ತಾರೆ. ಪಟ್ಟಿ ಓದಿ ಹೇಳಿದರೆ ತಂತ್ರಜ್ಞರನ್ನು ಮನೆಗೆ ಕಳಿಸುವ ಸಂಭವ ಹೆಚ್ಚು. ಕೊನೆಯದಾಗಿ, 2019ರ ಅಕ್ಟೋಬರ್‌ನಲ್ಲಿ ಕಾಳ್ಗಿಚ್ಚಿನ ಭಯದಿಂದ ಪಿಜಿ&ಇ ಬೇ ಏರಿಯಾದ ಹಲವು ಕಡೆ ವಿದ್ಯುತ್ ನಿಲ್ಲಿಸಿದ್ದು ನೆನಪಿರಬಹುದು. ಮೋಡೆಮ್ ಮತ್ತು ರೌಟರ್‌ಗೆ ಒಂದು ಪುಟ್ಟ ಯುಪಿಎಸ್ ಇದ್ದರೆ, ಹೊರಗಿನ ಜಾಲ ನಡೆಯುತ್ತಿರುವ ತನಕ "ನಾವು ಚೆನ್ನಾಗಿದ್ದೇವೆ" ಎಂದು ಊರಿಗೆ ತಿಳಿಸಬಹುದು.

ಈ ಶನಿವಾರ ಕರೆಗೆ ಒಂದು ಗಂಟೆ ಮೊದಲೇ ಎರಡು ಕಿಟಕಿ ತೆರೆದು ನೋಡಿ. ಊರಿನ ಎಲ್ಲರಿಗೂ ನಮ್ಮ ನಮಸ್ಕಾರ ತಿಳಿಸಿ.