ವೈರ್ ಹಚ್ಚುವ ಮೊದಲು ಒಂದು ಅರ್ಜಿ

ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಎಣಿಕೆಯನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡು ಊರಿನ ಹುಡುಗನೊಬ್ಬ ವಿಶ್ವವಿದ್ಯಾಲಯದ ತನ್ನ ವಿಭಾಗಕ್ಕೆ ಬರುತ್ತಾನೆ ಎಂದಿಟ್ಟುಕೊಳ್ಳಿ. ಗೋಡೆಯಿಂದ ಇಂಟರ್‌ನೆಟ್‌ನ ನೀಲಿ ವೈರೊಂದು ಜೋತುಬಿದ್ದಿದೆ. ಕೈ ಅಲ್ಲಿಗೇ ಹೋಗುತ್ತದೆ. "ತಮ್ಮಾ, ಹಚ್ಚಬ್ಯಾಡ. ಮೊದಲ ಒಂದು ಅರ್ಜಿ ಕೊಡು" ಎನ್ನುತ್ತಾರೆ ಲ್ಯಾಬಿನವರು. ನಾಗಾವಿಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿರಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿರಲಿ, ಎಲ್ಲಿ ಓದುವ ಮಕ್ಕಳೂ ಈ ಮಾತು ಕೇಳಬೇಕು. ಆ ಹಾಳೆ ಅವರ ರಕ್ಷಣೆ.

ಕಾನೂನು ಏನು ಹೇಳುತ್ತದೆ?

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 43 ನಿಂತಿರುವುದೇ ಅನುಮತಿಯ ಮೇಲೆ. ಕಂಪ್ಯೂಟರ್ ಜಾಲದ ಮಾಲೀಕರು ಅಥವಾ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಒಳಹೊಕ್ಕರೆ, ಮಾಹಿತಿ ನಕಲಿಸಿಕೊಂಡರೆ, ವೈರಸ್ ಸೇರಿಸಿದರೆ, ಜಾಲ ಕೆಡಿಸಿದರೆ ಪರಿಹಾರ ಕಟ್ಟಿಕೊಡಬೇಕು. ಇದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚಿಸಲೆಂದು ಮಾಡಿದರೆ ಕಲಂ 66ರಡಿ 3 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ದುರುದ್ದೇಶದಿಂದ ಬೇರೆಯವರ ಪಾಸ್‌ವರ್ಡ್ ಬಳಸಿದರೆ ಕಲಂ 66ಸಿ ಅನ್ವಯಿಸುತ್ತದೆ.

ತಿಳಿಯದೆ ಆಗುವ ಎಡವಟ್ಟೂ ಇದೆ. ಮನೆಯ ವೈಫೈ ರೌಟರನ್ನು ತಂದು ವಿಭಾಗದ ವೈರ್‌ಗೆ ತಪ್ಪಾಗಿ ಜೋಡಿಸಿದರೆ, ಅದು ತನ್ನದೇ ಐಪಿ ವಿಳಾಸಗಳನ್ನು ಸುತ್ತಲಿನ ಯಂತ್ರಗಳಿಗೆ ಹಂಚತೊಡಗುತ್ತದೆ. ಆಗ ಪಕ್ಕದ ಕೋಣೆಯವರ ಇಂಟರ್‌ನೆಟ್ ನಿಲ್ಲುತ್ತದೆ. ಆದ್ದರಿಂದ ರೌಟರ್, ಸ್ವಿಚ್‌ಗಳಿಗೂ ಪ್ರತ್ಯೇಕವಾಗಿ ಅನುಮತಿ ಕೇಳಿ.

ಅರ್ಜಿಯಲ್ಲಿ ಏನಿರಬೇಕು?

ಹೆಸರು, ನೋಂದಣಿ ಸಂಖ್ಯೆ, ಬಳಕೆಯ ಉದ್ದೇಶ, ಅವಧಿ, ಮತ್ತು ಯಂತ್ರದ ಮ್ಯಾಕ್ ವಿಳಾಸ. ಇದು ಅಂಕಿ-ಅಕ್ಷರ ಸೇರಿ 12 ಗುರುತುಗಳ ಸಾಲು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 'ಫಿಸಿಕಲ್ ಅಡ್ರೆಸ್' ಎಂದು ಕಾಣುತ್ತದೆ. ಈಗಿನ ಫೋನುಗಳು ವೈಫೈಗೆ ನಕಲಿ ಮ್ಯಾಕ್ ತೋರಿಸುವುದರಿಂದ, ನೋಂದಾಯಿಸಿದ ಫೋನನ್ನೂ ಜಾಲ ಗುರುತಿಸದೆ ಹೋಗಬಹುದು. ಪಾಲಿಸಬೇಕಾದ ನಿಯಮಗಳ ಪ್ರತಿಯನ್ನು ಅದೇ ದಿನ ಕೇಳಿ ಪಡೆಯಿರಿ.

ನಿರಾಕರಿಸಿದರೆ?

ಅಂತರ್ಜಾಲ ಬಳಕೆ ಶಿಕ್ಷಣದ ಹಕ್ಕು ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟ್ 2019ರ ಫಹೀಮಾ ಶಿರಿನ್ ಪ್ರಕರಣದಲ್ಲಿ ಹೇಳಿದೆ. ನ್ಯಾಯವಾದ ಶಿಸ್ತಿಗೆ ಇದರಿಂದ ಅಡ್ಡಿಯಿಲ್ಲ. ಆದರೆ ಕಾರಣ ಕೇಳಲು ಬಲ ಬರುತ್ತದೆ. ಯುಜಿಸಿಯ 2023ರ ನಿಯಮಗಳಂತೆ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು ಕೊಡಿ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸಮಾಧಾನವಾಗದಿದ್ದರೆ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಿ. ಜಾಲ ಬಳಕೆಯ ನಿಯಮಗಳ ಪ್ರತಿಯನ್ನೇ ವಿಭಾಗ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು.

ನಿಮ್ಮ ಖಾತೆ ಬೇರೆಯವರ ಕೈಗೆ ಸಿಕ್ಕರೆ?

ಪಾಸ್‌ವರ್ಡ್ ಬದಲಿಸಿ, ವಿಭಾಗಕ್ಕೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಯಾರು ಯಾವಾಗ ಜಾಲ ಬಳಸಿದರೆಂಬ ಲಾಗ್ ದಾಖಲೆ ಉಳಿಸಿಡುವಂತೆ ಅದೇ ಪತ್ರದಲ್ಲಿ ಕೋರಿ. ಸರ್ಕಾರಿ ಸಂಸ್ಥೆಗಳು ಅದನ್ನು 180 ದಿನ ಇಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ನಿರ್ದೇಶಿಸಿದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಫ್‌ಐಆರ್ ದಾಖಲಾದರೆ ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು.

ಮಂಜೂರಾದ ಅರ್ಜಿಯ ಝೆರಾಕ್ಸ್ ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ. "ಯಾರನ್ನು ಕೇಳಿ ಹಚ್ಚಿದಿ?" ಎಂದು ನಾಳೆ ಯಾರಾದರೂ ಕೇಳಿದರೆ, ಅದನ್ನು ತೆಗೆದು ತೋರಿಸಿ.